ಮಲಾವಿಯ ಮಿಷನ್ ಆಸ್ಪತ್ರೆಗೆ ಸೇವೆಗೆಂದು ಹೊರಡುವವರಿಗೆ

ನಮ್ಮ ಕ್ರೈಸ್ತ ಸಭೆಯಿಂದ ಆಫ್ರಿಕಾದ ಮಲಾವಿಗೆ ಹೋಗಿಬಂದ ವೈದ್ಯಕೀಯ ತಂಡದಲ್ಲಿ ನಾನೂ ಇದ್ದೆ. ಬಂದ ದಿನದಿಂದ ಯುವ ವೈದ್ಯರು, ನರ್ಸ್‌ಗಳು ಒಂದೇ ಮಾತು ಕೇಳುತ್ತಿದ್ದಾರೆ: “ನಾವೂ ಹೋಗಬೇಕು, ಏನೇನು ಒಯ್ಯಬೇಕು?” ಅದಕ್ಕಿಂತ ಮೊದಲು, ನಿಮ್ಮನ್ನು ಕರೆದವರು ಯಾರು ಎಂದು ಕೇಳಿಕೊಳ್ಳಿ. ಅಲ್ಲಿನ ಆಸ್ಪತ್ರೆಯೇ ತನಗೆ ಇಂಥ ಕೆಲಸಕ್ಕೆ ಇಂಥವರು ಬೇಕೆಂದು ಬರೆದಿದ್ದರೆ ಹೊರಡಿ. ನಾವೇ ಒಂದು ಹಳ್ಳಿ ಆರಿಸಿಕೊಂಡು, ಮರದ ಕೆಳಗೆ ಮೇಜು ಹಾಕಿ, ಸಾಲಿನಲ್ಲಿ ನಿಂತವರಿಗೆಲ್ಲ ಮಾತ್ರೆ ಹಂಚಿ ಬರುವುದಾದರೆ ಹೋಗದಿರುವುದೇ ಲೇಸು. ರಕ್ತದೊತ್ತಡಕ್ಕೆ ತಿಂಗಳ ಮಾತ್ರೆ ಕೊಟ್ಟು ನಾವು ವಿಮಾನ ಹತ್ತಿದರೆ, ಮುಂದಿನ ತಿಂಗಳು ಆ ತಾಯಿ ಯಾರ ಬಳಿ ಹೋಗಬೇಕು?

ಮಲಾವಿಯಲ್ಲಿ ಮಿಷನ್ ಆಸ್ಪತ್ರೆಗಳ ಬೇರು ಆಳವಾಗಿದೆ. ಸ್ಕಾಟ್ಲೆಂಡಿನವರು ಲಿವಿಂಗ್‌ಸ್ಟೋನಿಯಾ ಮಿಷನ್ ಆರಂಭಿಸಿದ್ದು 1875ರಲ್ಲಿ. ಇಂದು ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎರಡೂ ಕಡೆಯ ಆಸ್ಪತ್ರೆಗಳು ‘ಚಾಮ್’ ಎಂಬ ಕ್ರೈಸ್ತ ಆರೋಗ್ಯ ಸಂಘದಡಿ ಇವೆ. ಸರ್ಕಾರದೊಂದಿಗೆ ಒಪ್ಪಂದವಿರುವ ಕಡೆ ಹೆರಿಗೆಯಂಥ ಸೇವೆ ಉಚಿತ. ಸಭಾಪಾಲಕರೊಬ್ಬರ ಪರಿಚಯವನ್ನಷ್ಟೇ ನೆಚ್ಚಿಕೊಳ್ಳದೆ ಇಂಥ ಆಸ್ಪತ್ರೆಯೊಂದರ ಮೂಲಕವೇ ಹೋಗಿ.

ಕಾಗದಪತ್ರದ ಕೆಲಸವನ್ನು ತಿಂಗಳುಗಳ ಮೊದಲೇ ಶುರುಮಾಡಿ. ವೈದ್ಯರು ಮಲಾವಿಯ ಮೆಡಿಕಲ್ ಕೌನ್ಸಿಲ್‌ನಲ್ಲಿ, ನರ್ಸ್‌ಗಳು ತಮ್ಮ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಬಡ ದೇಶ, ಯಾರು ಕೇಳುತ್ತಾರೆ ಎಂಬ ಮನೋಭಾವ ನಮ್ಮವರಲ್ಲಿಯೂ ಇದೆ. ಅದು ಆ ಜನರಿಗೆ ಮಾಡುವ ಅವಮಾನ. ಔಷಧಿ ಒಯ್ಯಲೂ ಅಲ್ಲಿನ ಔಷಧ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು. ನಮ್ಮ ಕ್ಲಿನಿಕ್‌ಗಳಲ್ಲಿ ರಾಶಿ ಬೀಳುವ ಸ್ಯಾಂಪಲ್ ಮಾತ್ರೆಗಳನ್ನು ಮಾತ್ರ ದಯವಿಟ್ಟು ತುಂಬಿಕೊಳ್ಳಬೇಡಿ. ಉಚಿತ ಸ್ಯಾಂಪಲ್ ದಾನ ಮಾಡಬಾರದು, ತಲುಪುವಾಗ ಔಷಧಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಆಸ್ಪತ್ರೆಯ ಔಷಧ ವಿಭಾಗದಿಂದ ಪಟ್ಟಿ ತರಿಸಿಕೊಳ್ಳಿ. ನೀವು ಬರೆಯುವ ಔಷಧಿ ನೀವು ಹಿಂತಿರುಗಿದ ಮೇಲೂ ಅಲ್ಲಿ ಸಿಗುವಂಥದ್ದಾಗಿರಲಿ.

ಬೆಂಗಳೂರಿನಿಂದ ಇಥಿಯೋಪಿಯಾದ ಅಡಿಸ್ ಅಬಾಬಾ ಮಾರ್ಗವಾಗಿ ರಾಜಧಾನಿ ಲಿಲಾಂಗ್ವೆ ಸೇರಬಹುದು. ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶ. ಹಿಂತಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಲಸಿಕೆಯ ಪ್ರಮಾಣಪತ್ರದ ಪ್ರಶ್ನೆ ಏಳಬಹುದು. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಳ್ಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಹಳ್ಳಿಯ ರಸ್ತೆಗಳು ಕೆಡುತ್ತವೆ, ಮಲೇರಿಯಾ ಏರುತ್ತದೆ. ಮೇ–ಆಗಸ್ಟ್ ಅನುಕೂಲ. ಜೂನ್–ಜುಲೈ ರಾತ್ರಿಗಳಿಗೆ ಸ್ವೆಟರ್ ಬೇಕು. ಹೆಣ್ಣುಮಕ್ಕಳು ಅಲ್ಲಿನವರಂತೆ ಸೊಂಟಕ್ಕೆ ಚಿತೆಂಜೆ ಬಟ್ಟೆ ಸುತ್ತಿಕೊಂಡರೆ ಹಳ್ಳಿಯ ಹಿರಿಯರಿಗೆ ಸಮಾಧಾನ. ಊಟದ ಚಿಂತೆ ಬೇಡ: ಮೆಕ್ಕೆಜೋಳದ ಹಿಟ್ಟಿನ ನ್ಸೀಮ ನಮ್ಮ ಮುದ್ದೆಯಂತೆಯೇ, ಜೊತೆಗೆ ಸೊಪ್ಪು, ಬೀನ್ಸ್ ಕಾಳು ಅಥವಾ ಮೀನು.

ಇನ್ನು ವಾರ್ಡಿನ ಮಾತು. ಅಲ್ಲಿ ಆಸ್ಪತ್ರೆಯ ಬೆನ್ನೆಲುಬು ಕ್ಲಿನಿಕಲ್ ಆಫೀಸರ್‌ಗಳು. ಇವರು ಎಂಬಿಬಿಎಸ್ ಓದಿದವರಲ್ಲ; ಮೂರು ವರ್ಷದ ತರಬೇತಿ, ಬಳಿಕ ಇಂಟರ್ನ್‌ಶಿಪ್. ಆದರೆ ಜಿಲ್ಲಾ ಮಟ್ಟದಲ್ಲಿ ಸಿಸೇರಿಯನ್‌ಗಳನ್ನು ಹೆಚ್ಚಾಗಿ ಮಾಡುವವರು ಇವರೇ. ಮಕ್ಕಳ ತೀವ್ರ ಮಲೇರಿಯಾ, ಎಚ್‌ಐವಿ ಜೊತೆಗಿನ ಕ್ಷಯ, ಇವುಗಳಲ್ಲಿ ಅವರಿಗಿರುವ ಅನುಭವ ನಮ್ಮ ತಂಡದ ತಜ್ಞರಿಗೂ ಇರಲಿಲ್ಲ. ಮೊದಲ ಕೆಲವು ದಿನ ಅವರ ಹಿಂದೆ ನಿಂತು ನೋಡಿ. ನಿಮ್ಮ ಊರಲ್ಲಿ ನಿಮಗೆ ಮಾಡಲು ಅನುಮತಿಯಿಲ್ಲದ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ಮಾಡಬೇಡಿ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ರೋಗಿಗಳ ಕೈಯಲ್ಲಿ ‘ಹೆಲ್ತ್ ಪಾಸ್‌ಪೋರ್ಟ್’ ಎಂಬ ಪುಸ್ತಕ ಇರುತ್ತದೆ. ಹಿಂದಿನ ಕಾಯಿಲೆ, ಚುಚ್ಚುಮದ್ದು, ಔಷಧಿ ಎಲ್ಲವೂ ಅದರಲ್ಲಿ. ನೀವು ನೋಡಿದ್ದನ್ನೂ ಕೊಟ್ಟದ್ದನ್ನೂ ಅದರಲ್ಲೇ ಸ್ಪಷ್ಟ ಅಕ್ಷರದಲ್ಲಿ ಬರೆಯಿರಿ. ನಿಮ್ಮ ಲ್ಯಾಪ್‌ಟಾಪ್‌ನ ದಾಖಲೆಯಿಂದ ಆ ರೋಗಿಗೆ ಏನೂ ಉಪಯೋಗವಿಲ್ಲ. ರೋಗಿಯೊಂದಿಗೆ ‘ಗಾರ್ಡಿಯನ್’ ಎಂದು ಕರೆಯುವ ಬಂಧು ಉಳಿದು, ಆಸ್ಪತ್ರೆಯ ಆವರಣದಲ್ಲೇ ಸೌದೆ ಒಲೆ ಹೂಡಿ ಅಡುಗೆ ಮಾಡುತ್ತಾರೆ, ರೋಗಿಯ ಮೈ ತೊಳೆಯುತ್ತಾರೆ. ಪಥ್ಯವನ್ನೂ ಮಾತ್ರೆಯ ಹೊತ್ತನ್ನೂ ಅವರಿಗೆ ಹೇಳಿ. ಕಾಯಿಲೆ ಕೇಳುವ ಮೊದಲು “ಮುಲಿ ಬ್ವಾಂಜಿ” ಎಂದು ಕ್ಷೇಮ ವಿಚಾರಿಸಿ, ಉತ್ತರಕ್ಕೆ ಕಾಯಿರಿ.

ಬೆಳಗಿನ ಪ್ರಾರ್ಥನೆಯಲ್ಲಿ ಸಿಬ್ಬಂದಿಯೊಂದಿಗೆ ಸೇರಿಕೊಳ್ಳಿ. ಅವರ ಹಾಡುಗಾರಿಕೆಯನ್ನು ಕೇಳಿಯೇ ತಿಳಿಯಬೇಕು. ಅಲ್ಲಿ ಬಹುಪಾಲು ಜನ ಕ್ರೈಸ್ತರೇ. ಸರೋವರದ ದಡದ ಮಂಗೋಚಿಯಂಥ ಕಡೆ ಮುಸ್ಲಿಮರು ಹೆಚ್ಚು. ಸುವಾರ್ತೆ ಅಲ್ಲಿಗೆ ನಮ್ಮೊಂದಿಗೆ ಮೊದಲ ಬಾರಿ ಬರುತ್ತಿಲ್ಲ. ಔಷಧಿ ಚೀಟಿಯ ಜೊತೆ ಕರಪತ್ರ ಕೊಡುವುದು ಬೇಡ, ಕೇಳಿದವರೊಂದಿಗೆ ಪ್ರಾರ್ಥಿಸಿ. ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಕರ್ತನು ಕುಷ್ಠರೋಗಿಯನ್ನು ಗುಣಪಡಿಸಿ, ಯಾರಿಗೂ ಹೇಳಬೇಡ ಎಂದನಲ್ಲವೇ?

ಸೂಜಿ ಚುಚ್ಚಿದರೆ ಮುಚ್ಚಿಡದೆ ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಆರಂಭಿಸಬೇಕು, 28 ದಿನ ನುಂಗಬೇಕು. ಮಲಾವಿ ಸರೋವರ ಎಷ್ಟು ತಿಳಿಯಾಗಿ ಕಂಡರೂ ಇಳಿಯಬೇಡಿ. ನೀರಿನಿಂದ ಚರ್ಮದ ಮೂಲಕ ಒಳಹೋಗುವ ಶಿಸ್ಟೊಸೋಮಿಯಾಸಿಸ್ ರೋಗ ತರುವ ಹುಳುವಿನ ಕಾಟ ಅಲ್ಲಿದೆ.

ಮಲೇರಿಯಾ ತಡೆಯುವ ಮಾತ್ರೆಯನ್ನು ಊರಿಗೆ ಬಂದೊಡನೆ ನಿಲ್ಲಿಸಬೇಡಿ: ಡಾಕ್ಸಿಸೈಕ್ಲಿನ್ ಆದರೆ ಮತ್ತೆ ನಾಲ್ಕು ವಾರ, ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಏಳು ದಿನ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ, ಆದರೆ ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ಮಲಾವಿಯದು ಮುಖ್ಯವಾಗಿ ಫಾಲ್ಸಿಪಾರಮ್, ಮಿದುಳಿಗೇರಿ ಬೇಗ ಕೊಲ್ಲಬಲ್ಲದು. ಬಂದ ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಮಲಾವಿಯಿಂದ ಬಂದಿದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ.