ತಪ್ಪು ಉತ್ತರವೂ ಟೀಚರ್‌ಗೆ ಬೇಕು

2022 ಜನವರಿ 11, ಮಂಗಳವಾರ
ಗಿರಿನಗರ, ಬೆಂಗಳೂರು

ಮತ್ತೆ ಆನ್‌ಲೈನ್ ಕ್ಲಾಸು. ಕೊರೊನಾ ಮತ್ತೆ ಏರಿದ್ದಕ್ಕೆ 6ನೇ ತಾರೀಕಿನಿಂದ ಬೆಂಗಳೂರಲ್ಲಿ ಒಂದರಿಂದ ಒಂಬತ್ತನೇ ಕ್ಲಾಸಿನವರೆಗೆ ಶಾಲೆ ಮುಚ್ಚಿದ್ದಾರೆ. ಹತ್ತನೇ ಕ್ಲಾಸಿನವರು, ಪಿಯು ಮಕ್ಕಳು ಮಾತ್ರ ಹೋಗುತ್ತಿದ್ದಾರೆ. ಪುಟ್ಟ ಮಕ್ಕಳಿಗೆ ಶಾಲೆ ಬಾಗಿಲು ತೆಗೆದಿದ್ದೇ ಅಕ್ಟೋಬರ್ 25ಕ್ಕೆ. ನನ್ನ ಮೊಮ್ಮಗಳು ಈಗ ಎರಡನೇ ಕ್ಲಾಸು. ಒಂದನೇ ಕ್ಲಾಸನ್ನು ಪೂರ್ತಿ ಮನೆಯಲ್ಲೇ ಕಳೆದ ಮಗು. ಪಕ್ಕದಲ್ಲಿ ಕೂತವಳಿಗೆ ರಬ್ಬರ್ ಕೊಟ್ಟು ವಾಪಸ್ ಕೇಳೋದು ಈಗಷ್ಟೇ ರೂಢಿಯಾಗಿತ್ತು.

ಬೆಳಿಗ್ಗೆ ಗಣಿತದ ಕ್ಲಾಸು ನಡೆಯುವಾಗ ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಟೀಚರ್ 42ರಲ್ಲಿ 18 ಕಳೆದರೆ ಎಷ್ಟು ಅಂತ ಪುಟ್ಟಿಯನ್ನು ಕೇಳಿದರು. ಪುಟ್ಟಿ ಸುಮ್ಮನಾದಳು. ಲ್ಯಾಪ್‌ಟಾಪ್ ಹಿಂದೆ ನಿಂತಿದ್ದ ಸೊಸೆ ಮೊದಲು ಎರಡು ಬೆರಳು ತೋರಿಸಿದಳು, ಆಮೇಲೆ ನಾಲ್ಕು. "ಟ್ವೆಂಟಿ ಫೋರ್" ಎಂದಳು ಪುಟ್ಟಿ. "ವೆರಿ ಗುಡ್" ಅಂದು ಟೀಚರ್ ಮುಂದಿನ ಮಗುವಿಗೆ ಹೋದರು.

ಕ್ಲಾಸು ಮುಗಿದ ಮೇಲೆ ಅವಳ ಸ್ಲೇಟಿನಲ್ಲಿ 53 ಬರೆದು, ಕೆಳಗೆ 28 ಬರೆದು ಕೊಟ್ಟೆ. ಅವಳು ಬರೆದ ಉತ್ತರ 35.

ನಾನು ಸರ್ಕಾರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡಿ ರಿಟೈರ್ ಆದವಳು. ಆ 35 ನೋಡಿದ ತಕ್ಷಣ ಮಗುವಿನ ತಲೆಯಲ್ಲಿ ಏನು ನಡೆದಿದೆ ಅಂತ ಗೊತ್ತಾಗುತ್ತದೆ. ಮೂರರಲ್ಲಿ ಎಂಟು ಹೋಗಲ್ಲ, ಅದಕ್ಕೇ ಎಂಟರಲ್ಲಿ ಮೂರು ಕಳೆದು ಐದು ಬರೆದಿದ್ದಾಳೆ. ಐದರಲ್ಲಿ ಎರಡು ಹೋದರೆ ಮೂರು. ಪಾಪ, ಪ್ರತಿಯೊಂದು ಹೆಜ್ಜೆಯನ್ನೂ ಯೋಚಿಸಿಯೇ ಇಟ್ಟಿದ್ದಾಳೆ. ದಶಕವನ್ನು, ಅಂದರೆ ಒಂದು ಹತ್ತನ್ನು, ಬಿಡಿಯಾಗಿ ಒಡೆಯಬಹುದು ಅನ್ನೋದು ಮಾತ್ರ ಅವಳಿಗೆ ಹೊಳೆದಿಲ್ಲ. ಬೆಳಿಗ್ಗೆ ಇಂಥ ಉತ್ತರ ಟೀಚರ್ ಕಿವಿಗೆ ಬಿದ್ದಿದ್ದರೆ ಅವರು ಅಲ್ಲೇ ನಿಂತು ಹೇಳಿಕೊಡುತ್ತಿದ್ದರು. ಅವರಿಗೆ ಕೇಳಿಸಿದ್ದು 24. ಅವರ ಪಾಲಿಗೆ ಈ ಮಗುವಿಗೆ ಲೆಕ್ಕ ಬಂದಾಗಿದೆ.

ಸೊಸೆಯ ಮೇಲೆ ನನಗೆ ಸಿಟ್ಟಿಲ್ಲ. ಪರದೆಯಲ್ಲಿ ಅಷ್ಟೊಂದು ಮುಖಗಳು, ಅವುಗಳ ಹಿಂದೆ ಅಷ್ಟೇ ಅಮ್ಮಂದಿರು. ತನ್ನ ಮಗು ಬಾಯಿ ಬಿಡದೆ ಕೂತಿರುವುದನ್ನು ಯಾವ ತಾಯಿ ತಾನೇ ನೋಡಿಕೊಂಡಿರುತ್ತಾಳೆ? ಆದರೂ ಮನೆಯಲ್ಲಿ ಕಲಿಸುವವರೆಲ್ಲ ಇದೊಂದನ್ನು ನಡೆಸಿಕೊಡಬೇಕು ಅಂತ ನನ್ನ ಆಸೆ. ಪಕ್ಕದಲ್ಲಿ ಕೂರಿ, ಆದರೆ ಉತ್ತರ ಹೇಳಿಕೊಡಬೇಡಿ. ತರಗತಿಯಲ್ಲಿ ಮಕ್ಕಳ ನಡುವೆ ಓಡಾಡುವಾಗ ನಮಗೆ ಸ್ಲೇಟು ಕಾಣುತ್ತದೆ, ಕಣ್ಣು ಕಾಣುತ್ತದೆ, ಮಗು ಬೆರಳು ಮಡಚುವುದು ಕಾಣುತ್ತದೆ. ಆನ್‌ಲೈನ್ ಟೀಚರ್‌ಗೆ ಸಿಗೋದು ಬಾಯಿಮಾತಿನ ಉತ್ತರ ಒಂದೇ. ಅದೂ ಮಗುವಿನದಲ್ಲದಿದ್ದರೆ ಅವರು ಯಾರಿಗೆ ಪಾಠ ಮಾಡಬೇಕು?

ಮಧ್ಯಾಹ್ನ ಊಟವಾದ ಮೇಲೆ ಬಿಡಿಸಿದ ಅವರೆಕಾಳು ತಂದು ನೆಲದ ಮೇಲೆ ಕೂತೆವು. ಐದು ಬಟ್ಟಲಿಗೆ ಹತ್ತತ್ತು ಕಾಳು, ಪಕ್ಕದಲ್ಲಿ ಬಿಡಿ ಮೂರು. "ಇದರಲ್ಲಿ 28 ಕಾಳು ನನಗೆ ಕೊಡು, ಮೊದಲು ಬಿಡಿ ಎಂಟು" ಅಂದೆ. ಮೂರು ಕೊಟ್ಟಳು. "ಇನ್ನೂ ಐದು?" ಅಂದೆ. ಬಟ್ಟಲುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ನಾನು ಮಾತಾಡಲಿಲ್ಲ. ಸೊಸೆ ಬಾಗಿಲ ಹತ್ತಿರ ಬಂದು ನಿಂತಿದ್ದಳು, ಅವಳೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪುಟ್ಟಿ ಒಂದು ಬಟ್ಟಲು ಎತ್ತಿ ನೆಲಕ್ಕೆ ಸುರಿದಳು. ಐದು ಎಣಿಸಿ ಕೊಟ್ಟಳು. ಆಮೇಲೆ ಎರಡು ಬಟ್ಟಲನ್ನು ಹಾಗೇ ನನ್ನ ಕಡೆ ತಳ್ಳಿದಳು. ಉಳಿದದ್ದು ಎರಡು ಬಟ್ಟಲು, ಬಿಡಿ ಐದು. "ಅಜ್ಜಿ, 25! ಮತ್ತೆ ಸ್ಲೇಟಲ್ಲಿ ಯಾಕೆ 35 ಬಂತು?" ಅಂತ ಅವಳೇ ಕೇಳಿದಳು. ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ಯಾವ ಟೀಚರೂ ಕೇಳಲಾರರು.

ನಲಿ-ಕಲಿಯಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ. 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ ಅನ್ನೋದು ಅಲ್ಲಿಲ್ಲ. ಪಾಠಗಳನ್ನು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲಿನ ಕಾರ್ಡು ಎತ್ತಿಕೊಂಡು ಕೂರುತ್ತದೆ. ಮಾಡಿದ ಕೆಲಸವನ್ನು ತಲೆ ಮೇಲಿನ ಚಪ್ಪರಕ್ಕೆ ಸಿಕ್ಕಿಸುತ್ತೇವೆ. ದಿನಾ ಹವಾಮಾನ ನಕ್ಷೆ ತುಂಬುತ್ತಾರೆ. ಇವತ್ತು ಕಿಟಕಿಯಿಂದ ಬೀರುವಿಗೆ ಒಂದು ದಾರ ಕಟ್ಟಿ ಪುಟ್ಟಿಯ ಹಾಳೆಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ. ಅವರಪ್ಪ ಮೀಟಿಂಗ್ ಮುಗಿಸಿ ಬಂದು ಒಂದೊಂದನ್ನೇ ಓದಿದ.

ಪುಟ್ಟಿಯ ಕ್ಲಾಸು ಒಂಬತ್ತಕ್ಕೆ ಶುರುವಾಗಿ ಹನ್ನೆರಡೂವರೆಗೆ ಮುಗಿಯುತ್ತದೆ. ಇದು ಜಾಸ್ತಿಯಾಯಿತು. ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 30–45 ನಿಮಿಷದ ಎರಡು ಆನ್‌ಲೈನ್ ಕ್ಲಾಸಿಗಿಂತ ಹೆಚ್ಚು ಬೇಡ ಅಂತ ಕೇಂದ್ರದ 'ಪ್ರಜ್ಞಾತ' ಮಾರ್ಗಸೂಚಿ 2020ರ ಜುಲೈನಲ್ಲೇ ಹೇಳಿದೆ. ಅದೇ ಸರಿ. ದಿನದ ಮೂರನೇ ಪೀರಿಯಡ್ ಹೊತ್ತಿಗೆ ಮಗು ಪರದೆ ನೋಡುತ್ತಿರುತ್ತದೆ, ಪಾಠ ಕೇಳುತ್ತಿರುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡೋದು ಬೀದಿ ತುದಿಯ ಇಸ್ತ್ರಿ ಗಾಡಿಯವರ ಮಗ. ಸರ್ಕಾರಿ ಶಾಲೆ, ಮೂರನೇ ಕ್ಲಾಸು. ಒಂದನೇ ಕ್ಲಾಸಿನಲ್ಲಿದ್ದಾಗ 2020ರ ಮಾರ್ಚ್ ಬಂತು, ಶಾಲೆ ಮುಚ್ಚಿತು. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಜೊತೆ ಇರುತ್ತದೆ. ಗಿರಾಕಿಗಳ ಫೋನು ಬರೋದೂ ಅದಕ್ಕೇ. ಟೀಚರ್ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಕಳಿಸಿದ ಹಾಳೆ ಹುಡುಗನ ಕಣ್ಣಿಗೆ ಬೀಳುವಾಗ ರಾತ್ರಿ ಒಂಬತ್ತು. ಬಿಸಿಯೂಟವೂ ಇಲ್ಲ, ಗೆಳೆಯರೂ ಇಲ್ಲ. ಅವರಮ್ಮ ನಿನ್ನೆ "ಟೀಚರಮ್ಮ, ಸ್ವಲ್ಪ ನೋಡ್ತೀರಾ?" ಅಂದರು. ಇವತ್ತು ನಾಲ್ಕು ಗಂಟೆಗೆ ಮಾಸ್ಕ್ ಹಾಕಿಕೊಂಡು ವರಾಂಡಕ್ಕೆ ಬಂದ.

ಕನ್ನಡ ಓದಿಸಿದೆ. ಅಕ್ಷರ, ಕಾಗುಣಿತ ಬರುತ್ತದೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. 'ರಾಷ್ಟ್ರ' ಅನ್ನೋದರ ಮುಂದೆ ಪೂರ್ತಿ ನಿಂತ. ಆಗ ಕೆಂಪು ನೆಲದ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡದಾಗಿ 'ಇಸ್ತ್ರಿ' ಅಂತ ಬರೆದೆ. ಅವರ ಗಾಡಿಗೆ ಕಟ್ಟಿದ ರಟ್ಟಿನ ಮೇಲೆ ಇರೋದೇ ಅದು. ಥಟ್ಟನೆ ಓದಿದ. ಅದರಲ್ಲಿ ಸ ಎಲ್ಲಿದೆ, ತ ಎಲ್ಲಿದೆ, ರ ಎಲ್ಲಿ ಸುತ್ತಿಕೊಂಡಿದೆ ಅಂತ ಬೆರಳಿಟ್ಟು ತೋರಿಸೋ ಅಂದೆ. ಮೂರನ್ನೂ ತೋರಿಸಿದ. ಪಕ್ಕದಲ್ಲಿ 'ವಸ್ತ್ರ' ಬರೆದೆ, ಓದಿದ. 'ಶಾಸ್ತ್ರ' ಓದಿದ. ಪುಸ್ತಕಕ್ಕೆ ವಾಪಸ್ ಹೋಗಿ 'ರಾಸ್ಟ್ರ' ಅಂದ. ಸ ಮತ್ತು ಷ ನಾಳೆ ನೋಡಿಕೊಂಡರಾಯಿತು. ಅಷ್ಟರಲ್ಲಿ ಪುಟ್ಟಿ ತನ್ನ ಬಟ್ಟಲು, ಕಾಳು ತಂದು ಅವನಿಗೆ ಕಳೆಯುವ ಲೆಕ್ಕ ಹೇಳಿಕೊಡಲು ಕೂತಳು.

ರಾತ್ರಿ ಸೊಸೆ ಪುಟ್ಟಿಯ ಟೀಚರ್‌ಗೆ ಮೆಸೇಜ್ ಹಾಕಿದಳು. ಬೆಳಿಗ್ಗೆ ಉತ್ತರ ತಾನು ಹೇಳಿಕೊಟ್ಟಿದ್ದು, ದಶಕ ಒಡೆಯುವ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ, ನಾಳೆ ಇನ್ನೊಂದು ಸಲ ಕೇಳಿ ಅಂತ ಬರೆದಳು. ಟೀಚರ್ ಥ್ಯಾಂಕ್ಸ್ ಹೇಳಿ ಕೂಡಲೇ ಉತ್ತರ ಕೊಟ್ಟರು. ನಾಳೆ ಎಲ್ಲ ಮಕ್ಕಳಿಗೂ ಹತ್ತತ್ತು ಬೆಂಕಿಕಡ್ಡಿಯ ಕಟ್ಟುಗಳನ್ನು ಇಟ್ಟುಕೊಂಡು ಕೂರಲು ಹೇಳುತ್ತಾರಂತೆ, ಮದ್ದಿನ ತುದಿ ಮುರಿದು. ನನ್ನ ಹಳೇ ಫೋನು ಬೀರುವಿನಲ್ಲಿ ಸುಮ್ನೆ ಬಿದ್ದಿದೆ. ಮಗ ಅದಕ್ಕೆ ಹೊಸ ಸಿಮ್ ತರುತ್ತೇನೆ ಅಂದಿದ್ದಾನೆ. ಇಸ್ತ್ರಿಯವರ ಹುಡುಗನ ನಂಬರ್ ಇನ್ನು ಅದೇ ಅಂತ ಅವನ ಟೀಚರ್‌ಗೆ ತಿಳಿಸಬೇಕು.