ಐಸ್‌ಸ್ಟಿಕ್ ಮೇಲೆ ಯುಆರ್ಟ್: ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಎಫ್‌ಪಿಜಿಎ ಲ್ಯಾಬ್ ಎಲ್ಲಿಗೆ ಬಂತು

ಎಫ್‌ಪಿಜಿಎ ಎಂದರೆ ಒಳಗಿನ ಸರ್ಕಿಟನ್ನು ಕೋಡ್ ಬರೆದು ರೂಪಿಸಬಹುದಾದ ಚಿಪ್; ಯುಆರ್ಟ್ ಎಂದರೆ ಬಿಟ್‌ಗಳನ್ನು ಒಂದಾದ ಮೇಲೊಂದರಂತೆ ಕಳಿಸುವ, ಪಡೆಯುವ ಸರ್ಕಿಟ್. ಅದರ ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಬೋರ್ಡ್ ಮೇಲೆ ಕೆಲಸ ಮಾಡುತ್ತಿವೆ; ಫಿಫೋ (ಮೊದಲು ಬಂದ ಬೈಟ್ ಮೊದಲು ಹೊರಹೋಗುವ ಸಾಲು) ಬಾಕಿ ಇದೆ. ಬೋರ್ಡು ಲ್ಯಾಟಿಸ್‌ನ ಐಸ್‌ಸ್ಟಿಕ್: ಐಸ್40 ಎಚ್‌ಎಕ್ಸ್1ಕೆ ಚಿಪ್, 1280 ಲಾಜಿಕ್ ಸೆಲ್, 12 ಮೆಗಾಹರ್ಟ್ಸ್ ಕ್ಲಾಕ್. ಸಿಂಥೆಸಿಸ್‌ಗೆ (ಕೋಡನ್ನು ಸರ್ಕಿಟ್ ಆಗಿಸಲು) ಯೋಸಿಸ್, ಪ್ಲೇಸ್-ರೂಟ್‌ಗೆ (ಅದನ್ನು ಚಿಪ್ ಮೇಲೆ ಕೂರಿಸಿ ಜೋಡಿಸಲು) ನೆಕ್ಸ್ಟ್‌ಪಿಎನ್‌ಆರ್, ನಂತರ ಫೈಲ್ ಕಟ್ಟಲು ಐಸ್‌ಪ್ಯಾಕ್, ಬೋರ್ಡಿಗೆ ತುಂಬಲು ಐಸ್‌ಪ್ರೋಗ್. ಎಲ್ಲವೂ ಮುಕ್ತ ತಂತ್ರಾಂಶ. ಪಿನ್‌ಗಳನ್ನು ಹೆಸರಿಸುವ ಪಿಸಿಎಫ್ ಫೈಲಿನಲ್ಲಿ ಕ್ಲಾಕ್ ಪಿನ್ 21, ಟಿಎಕ್ಸ್ (ಕಳಿಸುವ ತಂತಿ) 8, ಆರ್‌ಎಕ್ಸ್ (ಪಡೆಯುವ ತಂತಿ) 9.

ಕೋಡ್ ಬರೆಯಬಲ್ಲವರಿಗೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಒಂದು ಬಿಟ್ ಎಷ್ಟು ಕ್ಲಾಕ್ ಇರಬೇಕೆಂದು ಎಣಿಸುವ ಬಾಡ್ ಕೌಂಟರ್ ಒಂದನ್ನೇ ತೋರಿಸಬಹುದು. 115200 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) ಒಂದು ಬಿಟ್ ಎಂದರೆ 104.17 ಕ್ಲಾಕ್. ಕೌಂಟರನ್ನು 0ಯಿಂದ 103ರವರೆಗೆ ಎಣಿಸಬೇಕು. 104ಕ್ಕೆ ಹೋಲಿಸಿ ಸೊನ್ನೆ ಮಾಡಿದರೆ 105 ಕ್ಲಾಕ್ ಆಗುತ್ತದೆ, ಆದರೂ ಅಕ್ಷರಗಳು ಸರಿಯಾಗಿಯೇ ಬರುತ್ತವೆ! ಬಿಟ್‌ಗೆ ಶೇ 0.8ರಷ್ಟು ತಪ್ಪು, ಅಕ್ಷರದ ಕೊನೆ ಸಾರುವ ಸ್ಟಾಪ್ ಬಿಟ್ ತಲುಪುವಷ್ಟರಲ್ಲಿ ಅದು ಬಿಟ್‌ನ ಶೇ 8ನ್ನೂ ದಾಟುವುದಿಲ್ಲ. ಅದೇ ಕೋಡನ್ನು 10 ಲಕ್ಷ ಬಾಡ್‌ಗೆ ಏರಿಸಿ ನೋಡಿ. 12ರ ಬದಲು 13 ಕ್ಲಾಕ್. ಪ್ರತಿ ಬಿಟ್‌ನ ನಡುವೆ ಓದುವ ರಿಸೀವರ್‌ಗೆ ಮೊದಲ ಐದು ಡೇಟಾ ಬಿಟ್ ಸರಿ, ಆರನೆಯದು ಎರಡು ಬಿಟ್‌ಗಳ ಗಡಿಯಲ್ಲಿ, ಏಳನೆಯದರ ಜಾಗದಲ್ಲಿ ಆರನೆಯದು, ಎಂಟನೆಯದರ ಜಾಗದಲ್ಲಿ ಏಳನೆಯದು. ಹೆಕ್ಸ್ (16ರ ಆಧಾರದ ಸಂಖ್ಯೆ) 41 ಕಳಿಸಿದರೆ 81 ಸಿಗುತ್ತದೆ, 1 ಇರಬೇಕಾದ ಸ್ಟಾಪ್ ಬಿಟ್ ಸೊನ್ನೆ ಎಂದು ಕಾಣುತ್ತದೆ. ಟೆಸ್ಟ್‌ಬೆಂಚ್ (ಸರ್ಕಿಟನ್ನು ಪರೀಕ್ಷಿಸುವ ಕೋಡ್) ಕೂಡ ಅದೇ ತಪ್ಪು ಸಂಖ್ಯೆಯನ್ನು ಬಳಸುತ್ತಿದ್ದರೆ ಸಿಮ್ಯುಲೇಷನ್ ಏನೂ ಹೇಳುವುದಿಲ್ಲ. ಅದರಲ್ಲಿ ಬಿಟ್ ಅವಧಿಯನ್ನು ನ್ಯಾನೋಸೆಕೆಂಡಿನಲ್ಲಿ ಬೇರೆಯಾಗಿಯೇ ಬರೆಯಬೇಕು. ಕಾಲಕ್ಕೆ ಲೆಕ್ಕ ಕೊಡುವ ಈ ಶಿಸ್ತನ್ನು ಪೈಥಾನ್ ಲ್ಯಾಬ್ ಕಲಿಸುವುದಿಲ್ಲ. ಅದಕ್ಕಾಗಿಯೇ ಒಂದು ಸೆಮಿಸ್ಟರ್‌ನ ಮಟ್ಟಿಗಾದರೂ ಡಿಜಿಟಲ್ ವಿನ್ಯಾಸದ ಈ ವಿಷಯ ಸಿಎಸ್‌ಗೆ ಬೇಕೇ ಬೇಕು. ಚಿಪ್ ಲೇಔಟ್, ಅನಲಾಗ್ ಸರ್ಕಿಟ್ ಭಾಗಗಳು ಬೇಡ.

ರಿಸೀವರ್‌ನಲ್ಲಿ ಆರ್‌ಎಕ್ಸ್ ಸಿಗ್ನಲ್ ಮೊದಲು ಎರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕಿಟ್) ದಾಟಿಯೇ ಒಳಬರಬೇಕು. ನೇರ ಕೊಟ್ಟರೆ ಒಂದೇ ಕ್ಲಾಕಿನಲ್ಲಿ ಸ್ಟೇಟ್ ಮಷೀನಿನ (ಯಾವ ಹಂತದಲ್ಲಿದ್ದೇವೆಂದು ನೆನಪಿಡುವ ಭಾಗ) ಒಂದು ಬಿಟ್ ಅದನ್ನು 0 ಎಂದೂ ಇನ್ನೊಂದು 1 ಎಂದೂ ಓದಬಹುದು. ಆಗ ಬರೆಯದೇ ಇರುವ ಸ್ಥಿತಿಗೆ ಜಿಗಿದು ಅಲ್ಲೇ ಸಿಕ್ಕಿಕೊಳ್ಳಬಹುದು. ಆ ಎರಡು ಫ್ಲಿಪ್‌ಫ್ಲಾಪ್‌ಗಳಿಗೂ ಆರಂಭಿಕ ಬೆಲೆ 1 ಕೊಡಿ, ಇಲ್ಲದಿದ್ದರೆ ಪವರ್ ಕೊಟ್ಟೊಡನೆ ಸುಳ್ಳು ಸ್ಟಾರ್ಟ್ ಬಿಟ್ (ಅಕ್ಷರದ ಆರಂಭ ಸಾರುವ ಸೊನ್ನೆ) ಕಾಣುತ್ತದೆ. ಸ್ಟಾರ್ಟ್ ಕಂಡ ಮೇಲೆ 52 ಕ್ಲಾಕ್ (ಅರ್ಧ ಬಿಟ್) ಕಾದು, ಇನ್ನೂ ಸೊನ್ನೆಯೇ ಇದ್ದರೆ ಮಾತ್ರ ಮುಂದುವರಿಯಬೇಕು. ಅಲ್ಲಿಂದ 104ಕ್ಕೊಮ್ಮೆ ಸ್ಯಾಂಪಲ್.

ಮುಂದಿನ ಕೆಲಸ 512 ಬೈಟ್ ಫಿಫೋ. ಚಿಪ್‌ನೊಳಗಿನ ಸಿದ್ಧ ಮೆಮೊರಿಯಾದ ಒಂದು 4 ಕಿಲೋಬಿಟ್ ಬ್ಲಾಕ್ ರ‍್ಯಾಮ್‌ಗೆ ಸರಿಯಾಗಿ ಕೂರುತ್ತದೆ, ಆದರೆ ಓದುವುದು ಕ್ಲಾಕ್ ಅಂಚಿನಲ್ಲೇ ಆಗಬೇಕು, ಡೇಟಾ ಒಂದು ಕ್ಲಾಕ್ ತಡವಾಗಿ ಬರುತ್ತದೆ. ಸಿ ಭಾಷೆಯ ಅರೇಯಂತೆ ಕ್ಲಾಕ್‌ಗೆ ಕಾಯದ ಅಸೈನ್ ಸಾಲಿನಲ್ಲಿ ನೇರ ಓದಿದರೆ ಯೋಸಿಸ್ ಅದನ್ನು ಬ್ಲಾಕ್ ರ‍್ಯಾಮ್‌ಗೆ ಹಾಕಲಾರದೆ 4096 ಫ್ಲಿಪ್‌ಫ್ಲಾಪ್ ಮಾಡುತ್ತದೆ. ಚಿಪ್‌ನಲ್ಲಿರುವುದು 1280, ಹಾಗಾಗಿ ನೆಕ್ಸ್ಟ್‌ಪಿಎನ್‌ಆರ್ ಅಲ್ಲೇ ನಿಲ್ಲುತ್ತದೆ. ಒಂದು ಕ್ಲಾಕ್ ತಡವನ್ನು ಫಿಫೋ ಖಾಲಿ ಎಂದು ಹೇಳುವ ಸಿಗ್ನಲ್ ಜೊತೆ ಹೊಂದಿಸುವುದೇ ಈಗ ಕೈಯಲ್ಲಿರುವ ಕೆಲಸ.