ಬೆಳ್ಳುಳ್ಳಿಯನ್ನು ಅದರ ಪಾಡಿಗೆ ಬಿಟ್ಟ ಮೇಲೆ

ಬೆಂಗಳೂರಿನ ಬನಶಂಕರಿ ಮೂರನೇ ಹಂತದಲ್ಲಿ ನಮ್ಮ ಮನೆ ಪಕ್ಕ 30×40ರ ಒಂದು ಸೈಟು ಖಾಲಿ ಇದೆ. ಅದರ ಮಾಲೀಕರು ಎರಡು ಬೀದಿ ಆಚೆ ಇರುತ್ತಾರೆ. ಅವರ ಮನೆಗೆ ಬೆಳ್ಳುಳ್ಳಿ ತರುವುದೇ ಇಲ್ಲ. ಆದರೂ ಅಲ್ಲಿ ಬೆಳ್ಳುಳ್ಳಿ ಹಾಕಲಾ ಅಂತ ನಾನು ಕೇಳಿದಾಗ ಆ ಮನೆಯ ಅಜ್ಜಿ, "ಏನಾದ್ರೂ ಹಾಕ್ಕೊಳಮ್ಮ, ಜನ ಕಸ ಸುರಿಯೋದಾದ್ರೂ ತಪ್ಪುತ್ತೆ" ಅಂದರು.

ಮೊದಲ ವರ್ಷ ಆತುರಪಟ್ಟೆ. ಮಳೆ ಇನ್ನೂ ನಿಂತಿರಲಿಲ್ಲ, ಸೆಪ್ಟೆಂಬರ್‌ನಲ್ಲೇ ನೆಟ್ಟುಬಿಟ್ಟೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ಎಲೆಯ ತುದಿ ಹಳದಿಯಾದರೆ ಇನ್ನೊಂದು ಚೊಂಬು. ಒಂದು ದಿನ ಗಿಡ ಎಳೆದರೆ ಬರೀ ಎಲೆ ಕೈಗೆ ಬಂತು. ಬೆರಳು ಹಾಕಿ ಕೆದಕಿದೆ. ಎಸಳು ಕಂದು ಬಣ್ಣಕ್ಕೆ ತಿರುಗಿ, ಬೆಂದ ಆಲೂಗಡ್ಡೆ ಹಾಗೆ ಮೆತ್ತಗಾಗಿತ್ತು. ಒಂದು ಬೇರೂ ಉಳಿದಿರಲಿಲ್ಲ. ತುಂಬಾ ಬೇಜಾರಾಯಿತು.

ಬೆಳ್ಳುಳ್ಳಿಗೆ ಬೇಕಾಗಿದ್ದು ನನ್ನ ಉಪಚಾರ ಅಲ್ಲ, ಚಳಿ. ಒಂದಷ್ಟು ವಾರ ತಂಪು ಸಿಕ್ಕರೆ ಮಾತ್ರ ಗಡ್ಡೆಯೊಳಗೆ ಎಸಳು ಬೇರೆ ಬೇರೆ ಆಗುತ್ತವೆ. ಸಾಲದೇ ಹೋದರೆ ಈರುಳ್ಳಿ ತರ ಒಂದೇ ಉಂಡೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ ಅಲ್ವಾ, ಡಿಸೆಂಬರ್–ಜನವರಿಯ ರಾತ್ರಿಗಳು ಅಷ್ಟರ ಮಟ್ಟಿಗೆ ಸಹಾಯ ಮಾಡುತ್ತವೆ. ಅದಕ್ಕೇ ಈಗ ನನಗೆ ಬಸವನಗುಡಿಯ ಕಡಲೆಕಾಯಿ ಪರಿಷೆಯೇ ಲೆಕ್ಕ. ಕಾರ್ತಿಕದ ಕೊನೇ ಸೋಮವಾರ ಪರಿಷೆ, ಆ ವಾರವೇ ಬಿತ್ತನೆ.

ಮಣ್ಣನ್ನು ಒಂದು ಗೇಣು ಏರಿಸಿ, ಹಳೇ ಸಗಣಿ ಗೊಬ್ಬರ ಬೆರೆಸಿದೆ. ಜವಾರಿ ಬೆಳ್ಳುಳ್ಳಿ ಬಿಡಿಸಿ, ಹೊರಸುತ್ತಿನ ದಪ್ಪ ಎಸಳು ಮಾತ್ರ ಆರಿಸಿಕೊಂಡೆ. ಸಿಪ್ಪೆ ಸುಲಿಯಬಾರದು. ಚೂಪು ತುದಿ ಮೇಲೆ, ಎರಡು ಇಂಚು ಆಳ, ಮಧ್ಯೆ ನಾಲ್ಕು ಬೆರಳು ಜಾಗ. ಮೇಲೆ ಒಣ ತರಗೆಲೆ ಹೊದಿಸಿದೆ. ಅರವತ್ತು ಎಸಳು, ಒಂದು ಮಧ್ಯಾಹ್ನದ ಕೆಲಸ ಅಷ್ಟೆ.

ಆಮೇಲೆ ಸುಮ್ನೆ ಬಿಟ್ಟೆ. ಬೆರಳು ಚುಚ್ಚಿ ನೋಡಿ, ಒಳಗೆ ಒಣಗಿದ್ದರೆ ಮಾತ್ರ ನೀರು. ಒಮ್ಮೆ ಎಲೆ ಮೇಲೆ ಬೆಳ್ಳಿ ಗೆರೆ ಕಂಡವು, ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ನುಸಿಯ ಕೆಲಸ. ಬೇವಿನ ಎಣ್ಣೆ ಸಿಂಪಡಿಸಿದೆ, ಹೊಸ ಎಲೆ ಚೆನ್ನಾಗೇ ಬಂದವು. ಸಂಕ್ರಾಂತಿ ಹೊತ್ತಿಗೆ ಗಿಡಕ್ಕೆ ಒಂದೊಂದೇ ಎಲೆ ಕಿತ್ತು, ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿಗೆ ಹಾಕಿದೆ. ಆ ಘಮ ಅಂಗಡಿಯ ಬೆಳ್ಳುಳ್ಳಿಯಲ್ಲಿ ಇಲ್ಲವೇ ಇಲ್ಲ. ಜಾಸ್ತಿ ಕೀಳಬಾರದು, ಗಡ್ಡೆ ದಪ್ಪವಾಗುವುದೇ ಆ ಎಲೆಗಳಿಂದ.

ಮಾರ್ಚ್‌ನಲ್ಲಿ ಕೆಳಗಿನ ಎಲೆಗಳು ಒಣಗತೊಡಗಿದವು. ಮೊದಲ ವರ್ಷ ಇದನ್ನು ಕಂಡಿದ್ದರೆ ಚೊಂಬು ಹಿಡಿದು ಓಡುತ್ತಿದ್ದೆ. ಈ ಸಲ ನೀರು ಪೂರ್ತಿ ನಿಲ್ಲಿಸಿ, ಎರಡು ವಾರ ಕಾದು, ಮಣ್ಣು ಸಡಿಲ ಮಾಡಿ ಎತ್ತಿದೆ. ನಲವತ್ತೇಳು ಗಡ್ಡೆ! ದೊಡ್ಡವು ನಿಂಬೆಹಣ್ಣಿನಷ್ಟು, ಒಂಬತ್ತು ಮಾತ್ರ ಒಂಟಿ ಉಂಡೆ. ತೊಳೆಯದೆ, ಎಲೆ ಸಮೇತ ಕಟ್ಟಿ ಬಾಲ್ಕನಿಯ ನೆರಳಲ್ಲಿ ತೂಗುಹಾಕಿದ್ದೇನೆ.

ಅಜ್ಜಿಗೆ ಇದರಲ್ಲಿ ಒಂದನ್ನೂ ಕೊಡುವ ಹಾಗಿಲ್ಲ. ಖಾಲಿಯಾದ ಮಡಿಯಲ್ಲಿ ಅವರಿಗೆ ಅಂತಲೇ ದಂಟಿನ ಸೊಪ್ಪು ಬಿತ್ತಿದ್ದೇನೆ. ನಿನ್ನೆ ಮೊಳಕೆ ಕಂಡಿತು.